ಕೊರೊಲರಿ

ಸಿದ್ಧವಾದ ಒಂದು ಮಾತನ್ನು ಒಪ್ಪಿದ ಮೇಲೆ, ಹೊಸ ಸಾಧನೆಯಿಲ್ಲದೆಯೇ ಒಪ್ಪಬೇಕಾಗುವ ಇನ್ನೊಂದು ಮಾತಿಗೆ ಇಂಗ್ಲಿಷಿನಲ್ಲಿ ಕೊರೊಲರಿ ಎಂದು ಹೆಸರು. ಕನ್ನಡದ ಗಣಿತ ಪುಸ್ತಕಗಳಲ್ಲಿ ಇದು ಉಪಪ್ರಮೇಯ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಸಮಾಂತರ ರೇಖೆ ಎಳೆದು ಸಾಧಿಸಿದ ಮೇಲೆ, ಲಂಬಕೋನ ತ್ರಿಭುಜದ ಉಳಿದೆರಡು ಕೋನಗಳು ಸೇರಿ 90 ಡಿಗ್ರಿ ಎನ್ನಲು ಮತ್ತೆ ರೇಖೆ ಎಳೆಯಬೇಕಿಲ್ಲ. ಒಂದು ಕಳೆಯುವ ಲೆಕ್ಕ ಸಾಕು.

ಯೂಕ್ಲಿಡನ ಗ್ರೀಕ್ ಗ್ರಂಥದಲ್ಲಿ ಇಂಥ ಮಾತನ್ನು ಪೋರಿಸ್ಮ ಎಂದು ಕರೆದಿದೆ. ಆರನೆಯ ಶತಮಾನದಲ್ಲಿ ರೋಮಿನ ತತ್ತ್ವಜ್ಞಾನಿ ಬೊಯೀಥಿಯಸ್ ಅದಕ್ಕೆ ಲ್ಯಾಟಿನ್ನಿನ ಕೊರೊಲಾರಿಯಂ ಪದವನ್ನು ಬಳಸಿದ. ಪುಟ್ಟ ಹೂಮಾಲೆಗೆಂದು ಕೊಡುವ ಹಣ, ಅಂದರೆ ಮೇಲುಕೊಸರು, ಎಂಬುದು ಅದರ ಮೂಲಾರ್ಥ. ಬೊಯೀಥಿಯಸನನ್ನು ಅನುವಾದಿಸಿದ ಇಂಗ್ಲಿಷ್ ಕವಿ ಚಾಸರನ ಬರಹದಲ್ಲಿ, 14ನೆಯ ಶತಮಾನದ ಹೊತ್ತಿಗೆ, ಪದ ಇಂಗ್ಲಿಷಿಗೂ ಬಂದಿತ್ತು.

ಗಣಿತದ ಹೊರಗೆ ಇದು ಸಂಪಾದಕೀಯ, ತೀರ್ಪು, ಪ್ರಬಂಧಗಳ ಪದ; 'ಸಹಜವಾಗಿ ಹೊರಡುವ ಫಲ' ಎಂಬ ಅರ್ಥದಲ್ಲಿ ನಡೆಯುತ್ತದೆ. ಆದರೆ ಮಳೆ ಸುರಿದು ರೈಲು ತಡವಾದರೆ ಅದು ಬರಿಯ ಪರಿಣಾಮ. ಮೊದಲ ಮಾತಿನ ಒಳಗೇ ಎರಡನೆಯದು ಅಡಗಿರುವಲ್ಲಿ ಮಾತ್ರ ಪದಕ್ಕೆ ಬಿಗಿಯಿರುತ್ತದೆ. ಉದಾಹರಣೆಗೆ, ಭಾರತದ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಪ್ರತ್ಯೇಕ ವಿಧಿಯಿಲ್ಲ. 1950ರ ರೊಮೇಶ್ ಥಾಪರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾಕ್ ಸ್ವಾತಂತ್ರ್ಯದಲ್ಲಿ ವಿಚಾರ ಹರಡುವ ಸ್ವಾತಂತ್ರ್ಯವೂ ಸೇರಿದೆ, ಪತ್ರಿಕೆಯ ಪ್ರಸಾರಕ್ಕೆ ಅಡ್ಡಿಯಿದ್ದರೆ ಆ ಸ್ವಾತಂತ್ರ್ಯ ಉಳಿಯದು ಎಂದಿತು. ಕೊರೊಲರಿ ಎಂಬ ಪದ ಸರಿಯಾಗಿ ಒಪ್ಪುವುದು ಇಂಥ ಕಡೆ.

ರಾಜಕಾರಣದಲ್ಲಿ ಈ ಪದ ಹೊತ್ತ ಭಾರ ದೊಡ್ಡದು. ಯೂರೋಪಿನ ರಾಷ್ಟ್ರಗಳು ಅಮೆರಿಕ ಖಂಡಗಳಲ್ಲಿ ಹೊಸ ವಸಾಹತು ಹೂಡಬಾರದು ಎಂಬುದು 1823ರಲ್ಲಿ ಅಮೆರಿಕ ಸಾರಿದ ಮನ್ರೊ ಸಿದ್ಧಾಂತ. 1902ರಲ್ಲಿ ಬ್ರಿಟನ್, ಜರ್ಮನಿ, ಇಟಲಿ ಸಾಲ ವಸೂಲಿಗೆಂದು ವೆನೆಜುವೆಲಾದ ಬಂದರುಗಳನ್ನು ಮುತ್ತಿದವು. 1904ರ ಡಿಸೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ನೆರೆಯ ದೇಶಗಳು ದಾರಿ ತಪ್ಪಿದರೆ ಅಮೆರಿಕವೇ ಪೊಲೀಸ್ ಅಧಿಕಾರ ಚಲಾಯಿಸಬೇಕಾದೀತು ಎಂದರು. ಇದೇ 'ರೂಸ್‌ವೆಲ್ಟ್ ಕೊರೊಲರಿ'. 1905ರಲ್ಲಿ ಡೊಮಿನಿಕನ್ ಗಣರಾಜ್ಯದ ಸುಂಕ ವಸೂಲಿ ಅಮೆರಿಕದ ಕೈಗೆ ಹೋಯಿತು. ಪರರು ಬರಬಾರದು ಎಂಬ ಮಾತಿನಿಂದ ತಾನು ನುಗ್ಗಬಹುದು ಎಂಬ ಮಾತು ಹೊರಡುವುದಿಲ್ಲ. ನಡುವೆ ಇನ್ನೊಂದು ವಾದ ಬೇಕು, ಅದನ್ನು ಸಾಧಿಸಿ ತೋರಿಸಬೇಕು. 1928ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ರೂಬೆನ್ ಕ್ಲಾರ್ಕ್ ಬರೆದ ಜ್ಞಾಪನಪತ್ರವೂ, ಮನ್ರೊ ಸಿದ್ಧಾಂತದ ಮಾತುಗಳಲ್ಲಿ ಈ ಕೊರೊಲರಿಗೆ ಆಧಾರವಿಲ್ಲವೆಂದಿತು. ಸರ್ಕಾರ ಅದನ್ನು 1930ರಲ್ಲಿ ಪ್ರಕಟಿಸಿತು.