ಟಿಎಂಸಿಯಲ್ಲಿ ಅಳೆಯಲಾಗದ ಸಿಟ್ಟು

2007ರಲ್ಲಿ ಕಾವೇರಿ ನ್ಯಾಯಮಂಡಳಿ ನಮಗೆ 270 ಟಿಎಂಸಿ ಅಂದಾಗ ಕರ್ನಾಟಕ ಬಂದ್ ಆಯಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ 284.75 ಟಿಎಂಸಿ ಅಂದಾಗ ಬಸ್ಸುಗಳು ಎಂದಿನಂತೆ ಓಡಾಡಿದವು. ವ್ಯತ್ಯಾಸ ಎಷ್ಟು? 14.75 ಟಿಎಂಸಿ. ತುಂಬಿದ ಕೆಆರ್‌ಎಸ್‌ನ ಮೂರನೇ ಒಂದು ಭಾಗವೂ ಅಲ್ಲ. ಅಷ್ಟು ನೀರಿಗೇ ಸಿಟ್ಟು ಇಳಿದುಹೋಯಿತಾ? ನನಗೆ ಹಾಗನಿಸೋದಿಲ್ಲ.

ಈ ಸಿಟ್ಟಿನ ಬೇರು ಹಳೆಯದು. 1892ರ ಒಪ್ಪಂದದ ಪ್ರಕಾರ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು. ಒಂದು ಕಡೆ ಬ್ರಿಟಿಷರ ಪ್ರೆಸಿಡೆನ್ಸಿ, ಇನ್ನೊಂದು ಕಡೆ ಅದೇ ಬ್ರಿಟಿಷರ ಕೈಕೆಳಗಿನ ಸಂಸ್ಥಾನ. ಕನ್ನಂಬಾಡಿ ಕಟ್ಟೆಯ ವಿಚಾರ ಬಂದಾಗ ನ್ಯಾಯಾಧೀಶ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದ್ರಾಸ್ ಲಂಡನ್ನಿನ ಕದ ತಟ್ಟಿತು, ತೀರ್ಪಿಗೆ ಅಲ್ಲಿ ತಡೆ ಬಿತ್ತು. ಆಮೇಲೆ ಬಂದದ್ದು 1924ರ ಒಪ್ಪಂದ. ಪಂದ್ಯ ಗೆದ್ದವನಿಗೆ ಇನ್ನೊಮ್ಮೆ ಆಡು ಅಂದ ಹಾಗಾಯಿತು, ಅಲ್ವಾ?

ಈಗ 1991ಕ್ಕೆ ಬನ್ನಿ. ಜೂನ್ 25ರಂದು ನ್ಯಾಯಮಂಡಳಿಯ ಮಧ್ಯಂತರ ಆದೇಶ: ವರ್ಷಕ್ಕೆ 205 ಟಿಎಂಸಿ ಮೆಟ್ಟೂರು ತಲುಪಬೇಕು. ಲೆಕ್ಕ ಹೇಗೆ ಹಾಕಿದರು? ಹಿಂದಿನ ಹತ್ತು ವರ್ಷ ಮೆಟ್ಟೂರಿಗೆ ಹರಿದ ನೀರನ್ನು ತೆಗೆದುಕೊಂಡು, ತೀರಾ ಒಳ್ಳೆಯ ಮತ್ತು ತೀರಾ ಕೆಟ್ಟ ವರ್ಷಗಳನ್ನು ಬಿಟ್ಟು, ಸರಾಸರಿ ಮಾಡಿದರು. ಜೊತೆಗೆ ಕರ್ನಾಟಕ ತನ್ನ ನೀರಾವರಿಯನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸುವಂತಿಲ್ಲ. ಮಂಡ್ಯದ ರೈತನಿಗೆ ಇದು ಕೇಳಿಸಿದ್ದು ಬೇರೆ ಥರ: ನಾವು ಇಷ್ಟು ದಿನ ಬಳಸದೆ ಬಿಟ್ಟ ನೀರೇ ಅವರ ಹಕ್ಕಾಯಿತು, ಹಿಂದೆ ಬಿದ್ದದ್ದೇ ನಮ್ಮ ತಪ್ಪಾಯಿತು. ನಮ್ಮ ಗದ್ದೆಗೆ ಎಷ್ಟು ಬೇಕು ಅಂತ ಯಾರೂ ಕೇಳಲೇ ಇಲ್ಲ.

ಬಂಗಾರಪ್ಪ ಸುಗ್ರೀವಾಜ್ಞೆ ಹೊರಡಿಸಿದರು, ಸುಪ್ರೀಂ ಕೋರ್ಟ್ ಅದನ್ನು ಅನೂರ್ಜಿತ ಅಂದಿತು. ಡಿಸೆಂಬರ್‌ನಲ್ಲಿ ಆದೇಶ ಗೆಜೆಟ್‌ನಲ್ಲಿ ಪ್ರಕಟವಾಯಿತು. ಎರಡೇ ದಿನಕ್ಕೆ ಬೆಂಗಳೂರು ಹೊತ್ತಿಕೊಂಡಿತು. ಜನ ಸತ್ತರು, ದಶಕಗಳಿಂದ ಇಲ್ಲೇ ದುಡಿಯುತ್ತಿದ್ದ ತಮಿಳು ಕುಟುಂಬಗಳು ಊರು ಬಿಟ್ಟು ಓಡಿದವು. ಅನ್ಯಾಯವಾಗಿದೆ ಅನ್ನೋ ಭಾವನೆ ಅನ್ಯಾಯ ಮಾಡೋಕೆ ಪರವಾನಗಿ ಅಲ್ಲ, ಇದನ್ನು ಕನ್ನಡದಲ್ಲೇ ಹೇಳಬೇಕು.

ಟಾಮ್ ಟೈಲರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಷಿಕಾಗೋ ನಗರದ ಜನರನ್ನು ಮಾತಾಡಿಸಿ 1990ರಲ್ಲಿ ಒಂದು ಪುಸ್ತಕ ಬರೆದರು. ಪೊಲೀಸರ, ನ್ಯಾಯಾಲಯದ ತೀರ್ಮಾನವನ್ನು ಜನ ಒಪ್ಪೋದು ತಮಗೆ ಲಾಭವಾಯಿತು ಅಂತಷ್ಟೇ ಅಲ್ಲ, ನಮ್ಮ ಮಾತು ಕೇಳಿದರು, ಮರ್ಯಾದೆಯಿಂದ ನಡೆಸಿಕೊಂಡರು ಅನ್ನಿಸಿದಾಗ. ಇದಕ್ಕೆ ಷಿಕಾಗೋಗೆ ಹೋಗಬೇಕಿರಲಿಲ್ಲ, ನಮ್ಮ ಯಾವುದೇ ಹಳ್ಳಿಯ ಪಂಚಾಯ್ತಿ ಕಟ್ಟೆಗೆ ಹೋದರೂ ಗೊತ್ತಾಗುತ್ತಿತ್ತು ಬಿಡಿ.

2018ರ ತೀರ್ಪನ್ನು ಈ ಕಣ್ಣಿನಿಂದ ನೋಡಿ. 1892, 1924ರ ಒಪ್ಪಂದಗಳು ಬಲವಂತದವು ಅನ್ನೋ ನಮ್ಮ ವಾದವನ್ನು ಕೋರ್ಟ್ ಒಪ್ಪಲಿಲ್ಲ. ದೊಡ್ಡ ವಾದದಲ್ಲೇ ಸೋತೆವು! ಆದರೆ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಅಂತ ಕುಡಿಯುವ ನೀರಿಗೆ ಕತ್ತರಿ ಹಾಕಿದ್ದು ಸರಿಯಲ್ಲ ಅಂದಿತು, 4.75 ಟಿಎಂಸಿ ಸೇರಿಸಿತು. ತಮಿಳುನಾಡಿನ ಅಂತರ್ಜಲದಲ್ಲಿ 10 ಟಿಎಂಸಿಯನ್ನು ಲೆಕ್ಕಕ್ಕೆ ಹಿಡಿಯಿತು. ನಾವು ವರ್ಷಗಟ್ಟಲೆ ಕೂಗಿದ್ದಕ್ಕೆ ಮೊದಲ ಸಲ ಕಾರಣಸಹಿತ ಉತ್ತರ ಸಿಕ್ಕಿತ್ತು. ಹೆಚ್ಚು ನೀರೂ ಸಿಕ್ಕಿತ್ತು, ಇಲ್ಲ ಅನ್ನಲ್ಲ. ಆದರೆ 14.75 ಕಳೆದುಕೊಂಡ ತಂಜಾವೂರಿನವರಿಗೆ ಅದೇ ಕಾಗದ ಅನ್ಯಾಯವಾಗಿ ಕಂಡಿತು. ಅವರದು ಶತಮಾನಗಳ ಬೇಸಾಯ, ಆ ಭಾವನೆ ಸುಳ್ಳು ಅನ್ನೋಕಾಗುತ್ತಾ?

2003ರಲ್ಲಿ ಎರಡೂ ರಾಜ್ಯದ ರೈತರು ಸೇರಿ ‘ಕಾವೇರಿ ಕುಟುಂಬ’ ಅಂತ ಮಾಡಿಕೊಂಡರು. ನಮ್ಮ ಕಡೆಯಿಂದ ಪುಟ್ಟಣ್ಣಯ್ಯನವರಿದ್ದರು. ಒಬ್ಬರ ಸೀಮೆಗೆ ಇನ್ನೊಬ್ಬರು ಹೋಗಿ ಒಣಗಿದ ಗದ್ದೆ ನೋಡಿ ಬಂದರು. ಟಿವಿಗೆ ಅದರಲ್ಲಿ ಬ್ರೇಕಿಂಗ್ ನ್ಯೂಸ್ ಏನಿತ್ತು ಹೇಳಿ?

ಅವರಿಗೂ ಸಿಗದೆ ಹೋದದ್ದು ಮಳೆ ಕೈಕೊಟ್ಟ ವರ್ಷದ ಸೂತ್ರ. 2018ರ ತೀರ್ಪೂ ಅದನ್ನು ಪ್ರಾಧಿಕಾರದ ಕೈಗೆ ಬಿಟ್ಟಿತು. 2023ರಲ್ಲಿ ಮುಂಗಾರು ಕೈಕೊಟ್ಟಿತು. ದೆಹಲಿಯಿಂದ ಮತ್ತೆ ಬರೀ ಕ್ಯೂಸೆಕ್ ಅಂಕಿ ಬಂತು, ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್.