ಮಂಜೇಶ್ವರದ ಶಾಸಕ

2019ರ ಅಕ್ಟೋಬರ್. ಪುಣೆಯ ನಮ್ಮ ಆಫೀಸಿನಲ್ಲಿ ರಿಲೀಸ್ ವಾರ. ತಂಡದ ಹುಡುಗನೊಬ್ಬ ಊರಿಗೆ ಹೋಗಲು ರಜೆ ಕೇಳಿದ. ಊರು ಮಂಜೇಶ್ವರ, ಅಲ್ಲಿ ಉಪಚುನಾವಣೆ.

"ಒಂದು ಓಟಿಗೆ ಮೂರು ದಿನ ರಜೆಯೇನಪ್ಪಾ?" ಎಂದೆ.

"ಸರ್, 2016ರಲ್ಲಿ ನಮ್ಮಲ್ಲಿ ಗೆದ್ದದ್ದು ಬರೇ 89 ಓಟಿನಲ್ಲಿ."

"ಕೇರಳದವನಿಗೆ ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬಂತು?" ಎಂದು ತಮಾಷೆ ಮಾಡಿದೆ. ಅವನು ನಗಲಿಲ್ಲ. "ನಮ್ಮ ಅಜ್ಜ ಹುಟ್ಟಿದ್ದು ಮದ್ರಾಸಿನಲ್ಲಿ, ತೀರಿಹೋದದ್ದು ಕೇರಳದಲ್ಲಿ. ಮನೆ ಬದಲಾಯಿಸಿದ್ದೇ ಇಲ್ಲ ಸರ್."

ರಜೆ ಕೊಟ್ಟೆ. ಆ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಮಂಜೇಶ್ವರವೆಂದರೆ ನನಗೆ ಗೋವಿಂದ ಪೈಗಳ ಊರು ಎಂದಷ್ಟೇ ಗೊತ್ತಿತ್ತು. ಅಲ್ಲಿನ ಚುನಾವಣೆಗಳ ಚರಿತ್ರೆ ಓದಲು ಕುಳಿತೆ.

1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಅದರ ಕಾಸರಗೋಡು ತಾಲೂಕು ಮಾತ್ರ ಕೇರಳಕ್ಕೆ ಹೋಯಿತು. ಮರುವರ್ಷವೇ ಕೇರಳ ವಿಧಾನಸಭೆಗೆ ಮೊದಲ ಚುನಾವಣೆ. ಮಂಜೇಶ್ವರದಲ್ಲಿ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 126 ಸದಸ್ಯರ ಆ ಸಭೆಗೆ ಹಾಗೆ ಬಂದವರು ಅವರೊಬ್ಬರೇ.

1960ರಲ್ಲಿ ಅದೇ ಕ್ಷೇತ್ರದಿಂದ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಅವರೂ ಪಕ್ಷೇತರರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂಬುದು ಅವರ ಬೇಡಿಕೆ. ಯಾವ ರಾಜ್ಯವನ್ನು ಬಿಟ್ಟು ಹೋಗಬೇಕೆಂದು ಜನ ಕಳಿಸಿದರೋ ಅದೇ ರಾಜ್ಯದ ಸಭೆಯಲ್ಲಿ ಕುಳಿತು ರಸ್ತೆ, ಶಾಲೆಗಳನ್ನೂ ಕೇಳಬೇಕಾದ ಸ್ಥಿತಿ ಅವರದು.

1965ರಲ್ಲಿ ಮತ್ತೆ ಗೆದ್ದರು. ಯಾರಿಗೂ ಬಹುಮತ ಬಾರದೆ ಆ ಸಭೆ ಒಮ್ಮೆಯೂ ಸೇರಲಿಲ್ಲ. 1967ರಲ್ಲಿ ಮೂರನೆಯ ಗೆಲುವು. ಈ ಸಲ ಪಕ್ಕದ ಕಾಸರಗೋಡಿನಿಂದ ಪಕ್ಷೇತರರಾಗಿ ಯು.ಪಿ. ಕುಣಿಕುಳ್ಳಾಯರೂ ಬಂದರು. 133ರಲ್ಲಿ ಇಬ್ಬರು!

ಅದೇ ವರ್ಷ ಮಹಾಜನ ಆಯೋಗದ ವರದಿ ಬಂತು. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಅದು ಹೇಳಿತು. ಕೇರಳ ಒಪ್ಪಲಿಲ್ಲ. ಬೆಳಗಾವಿಯ ಕಾರಣಕ್ಕೆ ನಾನೀಗ ಇರುವ ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಹಾಗೆಯೇ ಉಳಿಯಿತು.

1970ರ ಚುನಾವಣೆಯಲ್ಲಿ ಮಂಜೇಶ್ವರ ಸಿಪಿಐನ ಎಂ. ರಾಮಪ್ಪನವರನ್ನು ಆರಿಸಿತು. ಜನ ಭಾಷೆಯನ್ನು ಮರೆತರೆಂದು ಹೇಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಕೇರಳದಲ್ಲಿ ಆ ವರ್ಷದ ಜನವರಿ 1ರಿಂದಲೇ ಗೇಣಿ ಪದ್ಧತಿ ರದ್ದಾಗಿತ್ತು. ಉಳುವ ಗದ್ದೆ ತನ್ನದಾಗುವ ಹೊತ್ತಿನಲ್ಲಿ ಗೇಣಿದಾರನಿಗೆ ಗಡಿಯ ಪ್ರಶ್ನೆ ಎರಡನೆಯದಾಗಿ ಕಂಡಿರಬಹುದು. ಅವನನ್ನು ದೂರಲು ದೂರದ ಊರಲ್ಲಿ ಕುಳಿತ ನನಗೆ ಯಾವ ಹಕ್ಕೂ ಇಲ್ಲ.

ಆದರೂ ಭಾಷೆ ಸಭೆಯಿಂದ ಪೂರ್ತಿ ಹೊರಗೆ ಹೋಗಲಿಲ್ಲ. 2021ರಲ್ಲಿ 745 ಮತಗಳಿಂದ ಗೆದ್ದ ಎ.ಕೆ.ಎಂ. ಅಶ್ರಫ್ ತಿರುವನಂತಪುರದಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ.

ಇನ್ನೊಂದು ಮಾತು. ಆ ಉಪಚುನಾವಣೆಯ ದಿನ, 2019ರ ಅಕ್ಟೋಬರ್ 21ರಂದೇ, ಮಹಾರಾಷ್ಟ್ರದಲ್ಲೂ ಮತದಾನವಿತ್ತು. ನಮ್ಮ ಆಫೀಸಿಗೆ ರಜೆ. ಹುಡುಗ ಮಂಜೇಶ್ವರದಲ್ಲಿ ಸಾಲಿನಲ್ಲಿ ನಿಂತಿದ್ದ. ಹತ್ತು ವರ್ಷದಿಂದ ಪುಣೆಯಲ್ಲಿದ್ದರೂ ಇಲ್ಲಿನ ಪಟ್ಟಿಗೆ ಹೆಸರು ಸೇರಿಸದ ನಾನು, ಮನೆಯಲ್ಲಿ ನಿದ್ದೆ ಮಾಡಿದ್ದೆ.