ಕರಿಯ ಹಂಸ

ಹಂಸವೆಂದೊಡನೆ ನಮ್ಮ ಮನಸ್ಸಿಗೆ ಬಿಳುಪೇ ತೋರುವುದು. ನಮ್ಮ ಕವಿಗಳು ಕೀರ್ತಿಯನ್ನೂ ಬೆಳುದಿಂಗಳನ್ನೂ ಶರತ್ಕಾಲದ ಮುಗಿಲನ್ನೂ ಅದರ ಬಣ್ಣಕ್ಕೆ ಹೋಲಿಸುತ್ತ ಬಂದಿದ್ದಾರೆ. ಅವರು ಹೇಳುವ ಹಂಸವು ಇಂದಿನ ಪಕ್ಷಿಶಾಸ್ತ್ರದ ಯಾವ ಹಕ್ಕಿಯೆಂಬ ವಿಚಾರದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಅದರ ಬಣ್ಣದ ವಿಚಾರದಲ್ಲಿ ಮಾತ್ರ ಯಾರಿಗೂ ಸಂಶಯವಿದ್ದಂತೆ ಕಾಣದು. ಅಮರಸಿಂಹನು ತನ್ನ ಕೋಶದಲ್ಲಿ ಹಂಸಗಳನ್ನು ವಿಂಗಡಿಸುವಾಗ, ಕೊಕ್ಕೂ ಕಾಲುಗಳೂ ಕೆಂಪಾಗಿದ್ದರೆ ರಾಜಹಂಸವೆಂದೂ, ಮಾಸಲಾಗಿದ್ದರೆ ಮಲ್ಲಿಕಾಕ್ಷವೆಂದೂ, ಕಪ್ಪಾಗಿದ್ದರೆ ಧಾರ್ತರಾಷ್ಟ್ರವೆಂದೂ ಹೆಸರಿಟ್ಟನು. ಕಪ್ಪು ಕೊಕ್ಕಿಗೆ ಬಂದಿತು, ಕಾಲಿಗೆ ಬಂದಿತು. ಮೈಗೆ ಮಾತ್ರ ಬರಲಿಲ್ಲ.

ಯೂರೋಪು ಖಂಡದವರ ತಿಳಿವಳಿಕೆಯೂ ಇದೇ ಆಗಿದ್ದಿತು. ಅಲ್ಲಿಯ ಕೆರೆಹೊಳೆಗಳ ಹಂಸಗಳೆಲ್ಲ ಬಿಳಿಯವು. ಕ್ರಿಸ್ತಶಕದ ಒಂದನೆಯ ಶತಮಾನದ ಕೊನೆಯಲ್ಲಿಯೂ ಎರಡನೆಯದರ ಆದಿಯಲ್ಲಿಯೂ ಬರೆಯುತ್ತಿದ್ದ ರೋಮಿನ ವಿಡಂಬನಕವಿ ಜುವೆನಾಲನು, ಸಕಲಗುಣಸಂಪನ್ನೆಯಾದ ಹೆಂಡತಿಯು ಕರಿಯ ಹಂಸದಷ್ಟು ಅಪೂರ್ವವೆಂದು ತನ್ನ ಆರನೆಯ ವಿಡಂಬನದಲ್ಲಿ ಕುಚೋದ್ಯಮಾಡಿದನು. ಆ ಮಾತು ಕಾಲಕ್ರಮದಲ್ಲಿ ಗಾದೆಯಾಯಿತು. ಮೊಲದ ಕೊಂಬು, ಆಕಾಶಪುಷ್ಪ, ಬಂಜೆಯ ಮಗ ಎಂದು ನಾವು ಹೇಳುವ ಕಡೆಯಲ್ಲಿ ಅವರು ಕರಿಯ ಹಂಸವೆಂದರು. ಒಂದೂವರೆ ಸಾವಿರ ವರ್ಷಗಳಿಗೂ ಮಿಕ್ಕಿ ಈ ಉಪಮಾನವು ಯಾವ ತಡೆಯೂ ಇಲ್ಲದೆ ನಡೆಯಿತು. ಆ ಕಾಲವೆಲ್ಲ ಭೂಮಂಡಲದ ಇನ್ನೊಂದು ಮೂಲೆಯಲ್ಲಿ ಸಾವಿರಾರು ಕರಿಯ ಹಂಸಗಳು ನಿಶ್ಚಿಂತೆಯಿಂದ ಈಜಾಡುತ್ತಿದ್ದವು.

ಆ ಮೂಲೆಯೇ ಆಸ್ಟ್ರೇಲಿಯ. ಅಲ್ಲಿಯ ಹಂಸವು ದೊಡ್ಡ ಹಕ್ಕಿ. ನೀಳವಾದ ಕೊರಳು, ಅಲೆಯಲೆಯಾಗಿ ಸುರುಳಿಗೊಂಡ ಕಪ್ಪು ಗರಿ. ಕೊಕ್ಕು ಒಳ್ಳೆಯ ಕೆಂಪು. ಅದರ ತುದಿಯ ಬಳಿಯಲ್ಲಿ ಒಂದು ಬಿಳಿಯ ಪಟ್ಟೆ. ನೀರಿನ ಮೇಲೆ ಕುಳಿತಿರುವಾಗ ಮೈಯೆಲ್ಲ ಕಪ್ಪೆಂದೇ ತೋರುವುದು. ಹಾರಲೆಂದು ರೆಕ್ಕೆಯನ್ನು ಬಿಚ್ಚಿದಾಗ ಅಂಚಿನ ಗರಿಗಳು ಬೆಳ್ಳಗೆ ಹೊಳೆಯುವುವು. ಜೊಂಡು ಮೊದಲಾದುವನ್ನು ಗುಡ್ಡೆಹಾಕಿ ನೀರಿನ ನಡುವೆ ಗೂಡು ಕಟ್ಟಿಕೊಂಡು, ಗಂಡು ಹೆಣ್ಣುಗಳೆರಡೂ ಸರದಿಯ ಮೇಲೆ ಮೊಟ್ಟೆಗಳಿಗೆ ಕಾವು ಕೊಡುತ್ತವೆ. ಮರಿಗಳ ಬಣ್ಣ ಬೂದಿ. ಮಳೆಯು ನಂಬಿಕೆಗೆ ಬಾರದ ನಾಡಾದುದರಿಂದ, ಒಂದು ಕೆರೆ ಬತ್ತಿದರೆ ಮತ್ತೊಂದನ್ನು ಅರಸುತ್ತ ಇವು ಗುಂಪುಗುಂಪಾಗಿ ಬಹುದೂರ ಹೋಗುವುದುಂಟು.

ಇವುಗಳ ಸುದ್ದಿಯು ಯೂರೋಪನ್ನು ಮುಟ್ಟಿದುದು ಒಂದು ನಷ್ಟದ ಮೂಲಕ. ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿದ ‘ರಿಡ್ಡರ್‌ಸ್ಕಾಪ್ ಫಾನ್ ಹಾಲಂಡ್’ ಎಂಬ ಹಡಗು ೧೬೯೪ರಲ್ಲಿ ಗುಡ್‌ಹೋಪ್ ಭೂಶಿರವನ್ನು ಬಿಟ್ಟು ಬಟೇವಿಯದ ಕಡೆಗೆ ಹೊರಟು, ಮುನ್ನೂರಕ್ಕೂ ಹೆಚ್ಚು ಜನರೊಡನೆ ಮಾಯವಾಯಿತು. ಅದರ ಜಾಡನ್ನು ಹುಡುಕುವುದಕ್ಕಾಗಿಯೂ ದಕ್ಷಿಣದ ಕರಾವಳಿಯ ನಕ್ಷೆಯನ್ನು ತಿದ್ದುವುದಕ್ಕಾಗಿಯೂ ವಿಲೆಂ ಡಿ ವ್ಲಾಮಿಂಗ್ ಎಂಬ ನಾವಿಕನನ್ನು ೧೬೯೬ರಲ್ಲಿ ಮೂರು ನೌಕೆಗಳೊಡನೆ ಕಳುಹಿಸಿದರು. ಅವನು ಆ ವರ್ಷದ ಡಿಸೆಂಬರಿನ ಕೊನೆಯಲ್ಲಿ ಆಸ್ಟ್ರೇಲಿಯದ ಪಶ್ಚಿಮ ತೀರವನ್ನು ಸೇರಿ, ೧೬೯೭ರ ಜನವರಿಯಲ್ಲಿ ಒಂದು ನದಿಯ ಅಳಿವೆಯನ್ನು ಹೊಕ್ಕು, ದೋಣಿಗಳಲ್ಲಿ ಒಳನಾಡಿಗೆ ಹೋದನು. ಕಳೆದುಹೋದ ಹಡಗಿನ ಗುರುತು ಸಿಕ್ಕಲಿಲ್ಲ. ಸಿಕ್ಕಿದುದು ಗಾದೆಯ ಹಕ್ಕಿ. ಡಚ್ಚರು ಕೆಲವನ್ನು ಜೀವಸಹಿತ ಹಿಡಿದು ಬಟೇವಿಯಕ್ಕೆ ಒಯ್ದರು. ನದಿಗೆ ಹಂಸನದಿಯೆಂದು ಹೆಸರಿಟ್ಟರು. ಆ ದಡಗಳಲ್ಲಿ ಅವರಿಗೆ ಮನುಷ್ಯರ ಹೆಜ್ಜೆಗುರುತುಗಳೂ ಗುಡಿಸಲೂ ಬೆಂಕಿಯ ಕುರುಹುಗಳೂ ಕಂಡವು. ಮನುಷ್ಯರು ಮಾತ್ರ ಎದುರಿಗೆ ಬರಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಆಂಸ್ಟರ್‌ಡಾಮ್ ನಗರದ ಮುಖ್ಯಾಧಿಕಾರಿಯೂ ಭೂಗೋಳಪ್ರಿಯನೂ ಆದ ನಿಕೊಲಾಸ್ ವಿಟ್ಸೆನ್ ಎಂಬವನು ಈ ಯಾತ್ರೆಯ ಸಮಾಚಾರವನ್ನು ಲಂಡನ್ನಿನ ವಿದ್ವಾಂಸ ಮಾರ್ಟಿನ್ ಲಿಸ್ಟರನಿಗೆ ಬರೆದು ತಿಳಿಸಲು, ೧೬೯೮ರಲ್ಲಿ ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಕ್ಕಿಗೆ ಶಾಸ್ತ್ರೀಯವಾದ ಹೆಸರನ್ನು ಕೊಟ್ಟವನು ಆಂಗ್ಲ ಪಕ್ಷಿಶಾಸ್ತ್ರಜ್ಞ ಜಾನ್ ಲೇಥಮ್, ಕಾಲ ೧೭೯೦. ಅವನು ಆರಿಸಿಕೊಂಡ ಲ್ಯಾಟಿನ್ ವಿಶೇಷಣಕ್ಕೆ ಕಪ್ಪುಡುಗೆಯನ್ನು ಉಟ್ಟದ್ದು, ಎಂದರೆ ಶೋಕವಸ್ತ್ರವನ್ನು ಧರಿಸಿದ್ದು ಎಂಬ ಅರ್ಥವಿದೆ. ಮುಂದೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ನೆಪೋಲಿಯನ್ನನ ಪತ್ನಿ ಜೋಸೆಫೀನಳು ತನ್ನ ಮಾಲ್ಮೇಸನ್ ಅರಮನೆಯ ಕೊಳದಲ್ಲಿ ಈ ಹಂಸಗಳನ್ನು ಸಾಕಿದಳು. ಅಸಂಭವವೆನಿಸಿದ್ದುದು ಹೀಗೆ ಶ್ರೀಮಂತರ ಉದ್ಯಾನದ ಅಲಂಕಾರವಾಯಿತು.

ಕವಿಯ ಗಾದೆ ಹೋಯಿತು. ತಾರ್ಕಿಕರಿಗೆ ಉದಾಹರಣೆಯೊಂದು ಉಳಿಯಿತು. ಬಿಳಿಯ ಹಂಸವನ್ನು ಅರಿಸ್ಟಾಟಲನೇ ತರ್ಕದ ಉದಾಹರಣೆಯಾಗಿ ಬಳಸಿದ್ದನು. ಜಾನ್ ಸ್ಟುವರ್ಟ್ ಮಿಲ್ಲನು ೧೮೪೩ರ ತನ್ನ ತರ್ಕಗ್ರಂಥದಲ್ಲಿ ಹಂಸಗಳೆಲ್ಲ ಬಿಳಿಯವೆಂಬ ನಿರ್ಣಯವು ಹೇಗೆ ಸುಳ್ಳಾಯಿತೆಂಬುದನ್ನು ಚರ್ಚಿಸಿದನು. ಕಾರ್ಲ್ ಪಾಪ್ಪರನು ೧೯೩೪ರಲ್ಲಿ, ಎಷ್ಟು ಬಿಳಿಯ ಹಂಸಗಳನ್ನು ಕಂಡರೂ ಎಲ್ಲ ಹಂಸಗಳೂ ಬಿಳಿಯವೆಂದು ಸಾಧಿಸಿದಂತಾಗದೆಂದು ವಾದಿಸಿದನು. ೨೦೦೭ರಲ್ಲಿ ನಸೀಮ್ ನಿಕೊಲಾಸ್ ತಾಲೆಬನು ಈ ಹಕ್ಕಿಯ ಹೆಸರಿನಲ್ಲಿಯೇ ಒಂದು ಪುಸ್ತಕವನ್ನು ಪ್ರಕಟಿಸಿದ ಬಳಿಕ, ಯಾರೂ ನಿರೀಕ್ಷಿಸದೆ ಬಂದೆರಗುವ ಮಹಾಘಟನೆಗಳಿಗೆಲ್ಲ ವ್ಯಾಪಾರಸ್ಥರೂ ಪತ್ರಿಕೆಯವರೂ ಕರಿಯ ಹಂಸವೆಂದು ಹೇಳುವುದು ರೂಢಿಯಾಯಿತು. ನಮ್ಮ ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಹಂಸತ್ವಕ್ಕೂ ಬಿಳುಪಿಗೂ ಇದ್ದ ವ್ಯಾಪ್ತಿಯು ವ್ಯಭಿಚಾರದಿಂದ ಮುರಿಯಿತು. ಕಂಡುದರಿಂದ ಕಾಣದುದನ್ನು ನಿಶ್ಚಯಿಸುವುದು ಹೇಗೆಂದು ಚಾರ್ವಾಕರು ಹಾಕಿದ ಆಕ್ಷೇಪವನ್ನು ವಿಜಯನಗರಕಾಲದ ಸರ್ವದರ್ಶನಸಂಗ್ರಹವು ಸವಿಸ್ತಾರವಾಗಿ ನಿರೂಪಿಸಿದೆ. ಅವರ ಕೈಗೆ ಇಂಥದೊಂದು ಹಕ್ಕಿ ಸಿಕ್ಕಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಇಷ್ಟೆಲ್ಲ ಚರ್ಚೆಯಲ್ಲಿ ಒಂದು ಪ್ರಶ್ನೆಯು ಏಳಲೇ ಇಲ್ಲವೆನ್ನಬೇಕು. ಕರಿಯ ಹಂಸವು ಯಾರಿಗೆ ಅಸಂಭವವಾಗಿದ್ದಿತು? ವ್ಲಾಮಿಂಗನಿಗೆ ಕಂಡ ಹೆಜ್ಜೆಗುರುತುಗಳು ನೂಂಗಾರ್ ಜನರವು. ಆಸ್ಟ್ರೇಲಿಯದ ನೈಋತ್ಯಭಾಗವೆಲ್ಲವೂ ಅನಾದಿಯಿಂದ ಅವರ ನೆಲ. ಆ ನದಿಯ ಹೆಸರು ಅವರ ನುಡಿಯಲ್ಲಿ ಡೆರ್ಬಾರ್ಲ್ ಯೆರಿಗನ್. ವಾಗಲ್ ಎಂಬ ಮಹಾಸರ್ಪವು ಹರಿದ ದಾರಿಯೇ ನದಿಯಾಯಿತೆಂಬುದು ಅವರ ನಂಬಿಕೆ. ಹಂಸಕ್ಕೆ ಅವರು ಮಾಲಿ ಎನ್ನುತ್ತಾರೆ. ಅವರು ವರ್ಷವನ್ನು ಆರು ಋತುಗಳಾಗಿ ವಿಭಾಗಿಸುವರು. ಅವುಗಳಲ್ಲಿ ಮಕುರು ಎಂಬ ಮಳೆಗಾಲವು ಮಾಲಿಯು ಜೊತೆಗೂಡಿ ಗೂಡುಕಟ್ಟುವ ಕಾಲವೆಂದು ಅವರಲ್ಲಿ ಚಿಕ್ಕ ಮಕ್ಕಳಿಗೂ ತಿಳಿದ ಮಾತು. ಗರಿಯುದುರಿ ಹಾರಲಾರದಿರುವಾಗ ಅದನ್ನು ಹಿಡಿಯುವ ಬಗೆಯನ್ನೂ, ಮೊಟ್ಟೆಗಳು ದೊರೆಯುವ ಎಡೆಗಳನ್ನೂ ಅವರು ಬಲ್ಲವರಾಗಿದ್ದರು. ರೋಮಿನ ಕವಿಯು ನಕ್ಕ ದಿನವೂ ಆ ನೀರಿನ ದಡದಲ್ಲಿ ಯಾರೋ ಮಾಲಿಯ ಮೊಟ್ಟೆಯನ್ನು ಮನೆಗೆ ತಂದಿರಬಹುದು.

ಬಿಳಿಯ ಹಂಸದ ವಿಚಾರವೂ ಆಸ್ಟ್ರೇಲಿಯದ ಮೂಲಜನರ ಕತೆಗಳಲ್ಲಿ ಬಂದಿರುವುದು ಆಶ್ಚರ್ಯಕರವಾಗಿದೆ. ಹಲವು ರೂಪಗಳಲ್ಲಿ ಹೇಳಲ್ಪಡುವ ಒಂದು ಕತೆಯ ಪ್ರಕಾರ ಹಂಸಗಳು ಮೊದಲು ಬೆಳ್ಳಗಿದ್ದವು. ಹದ್ದುಗಳು ಅವುಗಳ ಮೇಲೆ ಬಿದ್ದು, ಗರಿಗಳನ್ನು ಕಿತ್ತು, ಬರಿಮೈಯಲ್ಲಿ ಬಿಟ್ಟುಹೋದವು. ಚಳಿಯಲ್ಲಿ ನಡುಗುತ್ತಿದ್ದ ಅವುಗಳನ್ನು ಕಂಡು ಕಾಗೆಗಳು ಮರುಗಿ, ತಮ್ಮ ಕರಿಯ ಗರಿಗಳನ್ನು ಉದುರಿಸಿ ಮುಚ್ಚಿದವು. ಕೊಕ್ಕಿನ ಕೆಂಪು ಅಂದಿನ ನೆತ್ತರು. ರೆಕ್ಕೆಯಂಚಿನ ಬಿಳುಪು ಅಳಿದುಳಿದ ಹಳೆಯ ಗರಿ. ಯೂರೋಪಿನವನಿಗೆ ಕಪ್ಪು ಬಣ್ಣವು ನಿಯಮಭಂಗವಾಗಿ ತೋರಿತು. ಈ ಕತೆಯನ್ನು ಕಟ್ಟಿದವರಿಗೆ ಅದು ಕಾಗೆಯ ಕರುಣೆಯ ಗುರುತು.

ಇನ್ನು ನದಿಗೆ ಬಂದ ಗತಿಯನ್ನು ನೋಡೋಣ. ಆಂಗ್ಲ ನೌಕಾಪತಿ ಜೇಮ್ಸ್ ಸ್ಟಿರ್ಲಿಂಗನು ೧೮೨೭ರಲ್ಲಿ ಅದನ್ನು ಪರೀಕ್ಷಿಸಿ, ಹಂಸಗಳ ಹಿಂಡುಗಳನ್ನೂ ನೆಲದ ಸೊಗಸನ್ನೂ ಕೊಂಡಾಡಿ ವರದಿಮಾಡಿದನು. ೧೮೨೯ರಲ್ಲಿ ಅವನ ಆಡಳಿತದಲ್ಲಿಯೇ ಹಂಸನದಿಯ ವಸಾಹತು ಸ್ಥಾಪಿತವಾಯಿತು. ಪರ್ತ್ ನಗರವು ಹುಟ್ಟಿತು. ಬೇಲಿಗಳೆದ್ದವು, ಬೇಟೆಯ ನೆಲಗಳು ಹಂಚಿಹೋದವು, ಜಗಳಗಳು ಮೊದಲಾದವು. ೧೮೩೪ರ ಅಕ್ಟೋಬರ್ ೨೮ರಂದು ಸ್ಟಿರ್ಲಿಂಗನು ತಾನೇ ಮುಂದಾಳಾಗಿ ಪಿಂಜಾರಾ ಎಂಬಲ್ಲಿ ಬಿಂಜರೆಬ್ ನೂಂಗಾರರ ಬೀಡಿನ ಮೇಲೆ ಬಿದ್ದನು. ಗಂಡಸರೊಡನೆ ಹೆಂಗಸರೂ ಮಕ್ಕಳೂ ಗುಂಡಿಗೆ ಆಹುತಿಯಾದರು.

ವಸಾಹತಿನವರು ಹಂಸವನ್ನು ಪ್ರೀತಿಸಲಿಲ್ಲವೆಂದು ಹೇಳುವಂತಿಲ್ಲ. ೧೮೫೪ರ ಆಗಸ್ಟ್ ೧ರಂದು ಅವರು ತಮ್ಮ ಮೊದಲನೆಯ ಅಂಚೆಚೀಟಿಯನ್ನು ಹೊರಡಿಸಿದಾಗ, ಸಾಮ್ರಾಜ್ಯದ ಅನೇಕ ವಸಾಹತುಗಳು ರಾಣಿಯ ಮುಖವನ್ನು ಅಚ್ಚುಹಾಕಿಸುತ್ತಿದ್ದರೂ, ಇವರು ಹಂಸವನ್ನು ಹಾಕಿಸಿದರು. ೧೮೭೦ರಲ್ಲಿ ಅದು ವಸಾಹತಿನ ಧ್ವಜಲಾಂಛನವಾಯಿತು. ೧೯೫೩ರಲ್ಲಿ ಧ್ವಜದ ಮೇಲೆ ಅದರ ಮೊಗವನ್ನು ಸ್ತಂಭದ ಕಡೆಗೆ ತಿರುಗಿಸಿದರು. ೧೯೬೯ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ರಾಜಮುದ್ರೆಯಲ್ಲಿ ಅದು ನೆಲೆಗೊಂಡಿತು. ೧೯೭೩ರಲ್ಲಿ ಆ ಸಂಸ್ಥಾನದ ಪಕ್ಷಿಯೆಂದು ಘೋಷಿತವಾಯಿತು.

ಅಂಚೆಚೀಟಿಗಳ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಿದೆ. ೧೮೫೫ರಲ್ಲಿ ಅಚ್ಚಾದ ನಾಲ್ಕು ಪೆನ್ನಿಯ ನೀಲಿಯ ಚೀಟಿಗಳಲ್ಲಿ ಕೆಲವು ದೋಷದಿಂದ ಹೊರಬಿದ್ದು, ತಲೆಕೆಳಗಾದ ಹಂಸವೆಂಬ ಹೆಸರಿನಿಂದ ಸಂಗ್ರಾಹಕರಲ್ಲಿ ಪ್ರಸಿದ್ಧವಾಗಿವೆ. ಆದರೆ ವಾಸ್ತವದಲ್ಲಿ ತಲೆಕೆಳಗಾಗಿ ಅಚ್ಚಾದುದು ಸುತ್ತಲಿನ ಚೌಕಟ್ಟು. ಹಂಸವು ಇದ್ದಂತೆಯೇ ನೆಟ್ಟಗಿದೆ. ಈ ಹಕ್ಕಿಯ ಇತಿಹಾಸವೆಲ್ಲಕ್ಕೂ ಈ ಮಾತು ಸಲ್ಲುವುದೆಂದು ನನಗೆ ತೋರುತ್ತದೆ.

ಏಕೆಂದರೆ ಹಂಸದ ಚಿತ್ರಕ್ಕೆ ಮಾನ್ಯತೆ ಹೆಚ್ಚಿದಂತೆ ಹಂಸದ ನೀರು ಕಡಮೆಯಾಗುತ್ತ ಬಂದಿತು. ಪರ್ತ್ ನಗರವು ಎದ್ದುದು ಕೆರೆಗಳೂ ಜೌಗುಗಳೂ ಸಾಲುಸಾಲಾಗಿದ್ದ ನೆಲದ ಮೇಲೆ. ಆ ನೀರನ್ನು ಕಾಲುವೆಗಳಿಂದ ಹೊರಗೆ ಹರಿಸಿ, ತಗ್ಗುಗಳನ್ನು ತುಂಬಿ, ಬೀದಿಗಳನ್ನೂ ತೋಟಗಳನ್ನೂ ರೈಲ್ವೆ ನಿಲ್ದಾಣವನ್ನೂ ಮಾಡಿದರು. ಸುಮಾರು ೧೮೪೦ರಲ್ಲಿ ಹುಟ್ಟಿ ೧೯೦೭ರಲ್ಲಿ ತೀರಿಕೊಂಡ ಫ್ಯಾನಿ ಬಾಲ್ಬುಕ್ ಎಂಬ ನೂಂಗಾರ್ ಹೆಂಗಸಿನ ವೃತ್ತಾಂತವನ್ನು ಡೇಸಿ ಬೇಟ್ಸ್ ಎಂಬಾಕೆಯು ಬರೆದಿಟ್ಟಿದ್ದಾಳೆ. ತಾನು ಹುಟ್ಟಿದ ನಡುಗಡ್ಡೆಯಿಂದ, ಸಿಗಡಿಯನ್ನೂ ಗೆಡ್ಡೆಯನ್ನೂ ಕೂಡಿಸುತ್ತಿದ್ದ ಜೌಗಿಗೆ ಬಾಲ್ಬುಕಳ ಹಿರಿಯರು ಹೋಗುತ್ತಿದ್ದ ದಾರಿಯೊಂದಿತ್ತು. ಆ ಜೌಗು ನಿಲ್ದಾಣವಾಯಿತು. ದಾರಿಗೆ ಅಡ್ಡಲಾಗಿ ಮನೆಗಳೆದ್ದವು. ಆಕೆಯಾದರೋ ತನ್ನ ದಾರಿಯನ್ನು ಬಿಡಲಿಲ್ಲ. ಅಗೆಯುವ ಕೋಲಿನಿಂದ ಬೇಲಿಯನ್ನು ಮುರಿದು, ಮನೆಗಳ ಕೋಣೆಗಳನ್ನೇ ಹಾದು, ನೇರವಾಗಿ ನಡೆಯುತ್ತಿದ್ದಳು. ಗವರ್ನರನ ಬಂಗಲೆಯ ಆವರಣದಲ್ಲಿ ಆಕೆಯ ಅಜ್ಜಿಯ ಸಮಾಧಿಯಿದ್ದುದರಿಂದ, ಅದರ ಬಾಗಿಲ ಮುಂದೆ ನಿಂತು ಒಳಗಿನವರನ್ನು ಬಯ್ಯುತ್ತಿದ್ದಳಂತೆ. ಊರಿನವರಿಗೆ ಅದು ಹುಚ್ಚಿನಂತೆ ಕಂಡಿರಬೇಕು. ಆಕೆಯ ಕಣ್ಣಿಗೆ ದಾರಿಯೂ ನೀರೂ ಮೊದಲಿದ್ದ ಕಡೆಯಲ್ಲಿಯೇ ಇದ್ದವು. ಮೇಲೆ ಬಂದು ಕುಳಿತುದು ಊರು.

ಕಾಲವು ಈ ಲೆಕ್ಕವನ್ನು ಅಲ್ಪಸ್ವಲ್ಪ ತಿದ್ದಿದೆ. ನೂಂಗಾರರೇ ಆ ನೆಲದ ಪರಂಪರಾಗತ ಒಡೆಯರೆಂದು ಅಂಗೀಕರಿಸುವ ಶಾಸನವನ್ನು ಪಶ್ಚಿಮ ಆಸ್ಟ್ರೇಲಿಯದ ಶಾಸನಸಭೆಯು ೨೦೧೬ರಲ್ಲಿ ಮಾಡಿತು. ಭೂಮಿಯ ಹಕ್ಕಿನ ಬಗ್ಗೆ ಏರ್ಪಟ್ಟ ಒಪ್ಪಂದವು ೨೦೨೧ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ನದಿಯ ಹಳೆಯ ಹೆಸರು ಮತ್ತೆ ಜನರ ಬಾಯಲ್ಲಿ ಕೇಳಿಬರುತ್ತಿದೆ. ಹಕ್ಕಿಯ ಮಟ್ಟಿಗೆ ಹೊಸದೊಂದು ಭಯವೂ ತಲೆದೋರಿದೆ. ಅದರ ವಂಶವಾಹಿಗಳನ್ನು ಬಿಳಿಯ ಹಂಸದವುಗಳೊಡನೆ ಹೋಲಿಸಿ ನೋಡಿದ ವಿಜ್ಞಾನಿಗಳು, ಬಿಳಿಯದಕ್ಕಿರುವ ಸಹಜರಕ್ಷಣೆಯ ಕೆಲವು ಅಂಶಗಳು ಕರಿಯದಕ್ಕಿಲ್ಲವೆಂದೂ, ಆದುದರಿಂದ ತೀವ್ರವಾದ ಹಕ್ಕಿಜ್ವರವು ಹಬ್ಬಿದಲ್ಲಿ ಇದು ಸುಲಭವಾಗಿ ತುತ್ತಾಗಬಹುದೆಂದೂ ೨೦೨೩ರಲ್ಲಿ ತಿಳಿಸಿದರು. ನ್ಯೂಜಿಲೆಂಡಿನ ನಿದರ್ಶನವು ಕಣ್ಮುಂದಿದೆ. ಅಲ್ಲಿ ಇದರ ಸೋದರಜಾತಿಯ ಹಂಸವೊಂದಿದ್ದು, ಮನುಷ್ಯರು ಆ ದ್ವೀಪಗಳಿಗೆ ಬಂದ ಮೇಲೆ ಬೇಟೆಗೆ ಸಿಕ್ಕಿ ನಿರ್ನಾಮವಾಯಿತು. ಇಂದು ಅಲ್ಲಿ ಈಜುತ್ತಿರುವುದು ೧೮೬೦ರ ದಶಕದಲ್ಲಿ ಆಸ್ಟ್ರೇಲಿಯದಿಂದ ತಂದು ಬಿಟ್ಟವುಗಳ ಸಂತಾನವೇ ಹೆಚ್ಚು.

ನಿರೀಕ್ಷಿಸದ ವಿಪತ್ತಿಗೆ ಕರಿಯ ಹಂಸವೆಂದು ಹೆಸರಿಡುವವರು ಈ ಇತಿಹಾಸವನ್ನು ಒಮ್ಮೆ ಪರಾಮರ್ಶಿಸಬೇಕು. ಜುವೆನಾಲನ ಕಾಲದಲ್ಲಿ ಆ ದೂರದ ನೀರಿನ ಸುದ್ದಿಯು ರೋಮಿಗೆ ಮುಟ್ಟುವಂತಿರಲಿಲ್ಲ. ಅವನ ಅಜ್ಞಾನವನ್ನು ಕ್ಷಮಿಸಬಹುದು. ಸ್ಟಿರ್ಲಿಂಗನ ಕಾಲದಲ್ಲಿ ಬಲ್ಲವರು ಎದುರಿಗೇ ನಿಂತಿದ್ದರು, ಕೇಳುವ ಮನಸ್ಸಿರಲಿಲ್ಲ. ಇವೆರಡು ಅಜ್ಞಾನಗಳನ್ನೂ ಒಂದೇ ಹೆಸರಿನಿಂದ ಕರೆಯುವುದು ಉಚಿತವಲ್ಲ. ಹಾಲನ್ನೂ ನೀರನ್ನೂ ಬೇರೆಮಾಡುವ ಶಕ್ತಿಯು ಹಂಸಕ್ಕಿದೆಯೆಂದು ನಮ್ಮ ಹಿರಿಯರು ನಂಬಿದರು. ಕಾಣಲಾಗದುದನ್ನೂ ಕಾಣಲೊಲ್ಲದುದನ್ನೂ ಬೇರೆಮಾಡಿ ನೋಡುವುದಕ್ಕೆ ಬೇಕಾದ ವಿವೇಕವು ಅದಕ್ಕಿಂತ ಕಡಮೆಯದೇನೂ ಅಲ್ಲ.